ದಸರಾ ರಜೆಗೆ ಊರಿಗೆ ಹೊರಟಿದ್ದೇವೆ: ಗುಡ್ಡದಲ್ಲಿ ಈಗ ಕಾರೆ, ಸೀತಾಫಲ, ನೆಲ್ಲಿ ಸಿಗುತ್ತವೆಯೇ?

ಹಿರಿಯೂರು ಹೈದ · ಸೆಪ್ಟೆಂಬರ್ 18

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಹಿರಿಯೂರು ತಾಲ್ಲೂಕಿನಲ್ಲಿದೆ. ಬೆಂಗಳೂರು ಸೇರಿದ ಮೇಲೆ ಹಬ್ಬಕ್ಕೆ ಹೋಗಿ ಮರುದಿನವೇ ಬಸ್ಸು ಹತ್ತುವುದು ರೂಢಿಯಾಗಿಬಿಟ್ಟಿತ್ತು. ಈ ಸಲ ಒಂದು ವಾರ ಅಲ್ಲಿಯೇ ಇರುತ್ತೇವೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಇಬ್ಬರ ಪಾಲಿಗೂ ಹಣ್ಣು ಎಂದರೆ ಸ್ಟಿಕ್ಕರ್ ಅಂಟಿಸಿಕೊಂಡು ಬರುವ ವಸ್ತು.

ನಾನು ಅವರ ವಯಸ್ಸಿನಲ್ಲಿ ಮೇಕೆ ಕಾಯುವ ಹುಡುಗರ ಬೆನ್ನು ಹತ್ತಿ ಊರ ಹಿಂದಿನ ಗುಡ್ಡಕ್ಕೆ ಹೋದರೆ ಸಂಜೆಯವರೆಗೆ ಊಟದ ನೆನಪೇ ಆಗುತ್ತಿರಲಿಲ್ಲ. ಸೀತಾಫಲ ಗೊತ್ತು. ಕಾರೆ ಹಣ್ಣಂತೂ ಕಣ್ಣಿಗೆ ಕಟ್ಟಿದೆ: ಮುಳ್ಳಿನ ಗಿಡ, ಹಳದಿ ಬಣ್ಣ, ಸಣ್ಣ ಸೀಬೆಕಾಯಿಯಂತೆ ತುದಿಯಲ್ಲಿ ಒಂದು ಪುಟ್ಟ ಜುಟ್ಟು. ಎಲಚಿ, ನೆಲ್ಲಿ, ಬೇಲ ಯಾವ ತಿಂಗಳಿನವು ಎಂಬುದು ಮರೆತೇ ಹೋಗಿದೆ. ಅಮ್ಮನಿಗೆ ಮಂಡಿನೋವು, ಗುಡ್ಡ ಹತ್ತಲಾರರು. ಈಗ ಏನೇನು ಸಿಗಬಹುದು, ಮಕ್ಕಳನ್ನು ಕರೆದುಕೊಂಡು ಹೋಗುವಾಗ ಏನನ್ನು ನೋಡಿಕೊಳ್ಳಬೇಕು, ತಿಳಿದವರು ಹೇಳಿ.

ಗೋಮಾಳ · ಸೆಪ್ಟೆಂಬರ್ 18

ನಾನು ಸಿರಾ ಕಡೆಯವನು, ಗುಡ್ಡ ಹೆಚ್ಚುಕಡಿಮೆ ಒಂದೇ. ದಸರೆಗೆ ನಿಮಗೆ ನಿಜವಾಗಿ ಸಿಗುವುದು ಸೀತಾಫಲ. ಬೇಲದ ಕಾಯಿ ಮರದಲ್ಲಿ ಇರುತ್ತದೆ, ಆದರೆ ಗಣೇಶನಿಗೆ ಕಟ್ಟುವಾಗ ಇದ್ದಷ್ಟೇ ಗಟ್ಟಿ. ಹಣ್ಣಾಗಲು ಇನ್ನೂ ಸಮಯ ಬೇಕು. ಎಲಚಿ ಕಾರ್ತಿಕ ಕಳೆದ ಮೇಲೆ ಶುರುವಾಗಿ ಸಂಕ್ರಾಂತಿಗೆ ಸುಗ್ಗಿ. ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುವುದು ಸುಮ್ಮನೆ ಬಂದ ಶಾಸ್ತ್ರವಲ್ಲ, ಆಗ ಬೇಲಿಯ ತುಂಬ ಇರುವುದು ಅದೇ.

ಸೀತಾಫಲ ಕೀಳುವಾಗ ಗಾತ್ರ ನೋಡಬೇಡಿ, ಕಣ್ಣು ನೋಡಿ. ಕಣ್ಣುಗಳು ಒತ್ತೊತ್ತಾಗಿ ಕಡುಹಸಿರಾಗಿದ್ದರೆ ಅದು ಇನ್ನೂ ಎಳೆಯದು. ಮನೆಗೆ ತಂದು ಹುಲ್ಲಿನಲ್ಲಿಟ್ಟರೂ ಹಣ್ಣಾಗುವುದಿಲ್ಲ, ಕಪ್ಪಗಾಗಿ ಕಲ್ಲಿನಂತೆ ಕೂರುತ್ತದೆ. ಕಣ್ಣು ಬಿಟ್ಟು, ಕಣ್ಣುಗಳ ನಡುವಿನ ಗೆರೆ ಹಳದಿಗೆ ತಿರುಗಿರಬೇಕು. ಅಂಥದ್ದನ್ನು ತೊಟ್ಟಿನ ಸಮೇತ ಕಿತ್ತು ರಾಗಿಯ ಚೀಲದಲ್ಲೋ ಒಣಹುಲ್ಲಿನಲ್ಲೋ ಇಟ್ಟರೆ ಎರಡು ಮೂರು ದಿನದಲ್ಲಿ ಬೆರಳಿಗೆ ಮೆತ್ತಗಾಗುತ್ತದೆ. ಗಿಡದಲ್ಲೇ ಹಣ್ಣಾದದ್ದು ನಿಮಗೆ ಸಿಗುವುದಿಲ್ಲ. ಅದು ಅಳಿಲು, ಹಕ್ಕಿ ಮತ್ತು ಕರಡಿಯ ಪಾಲು.

ಕರಡಿ ಎಂದದ್ದು ತಮಾಷೆಗಲ್ಲ. ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆಯ ಬಂಡೆಗುಡ್ಡಗಳಲ್ಲಿ ಕರಡಿ ಇದೆ. ದರೋಜಿಯಲ್ಲಿ ಅದಕ್ಕೆಂದೇ 1994ರಲ್ಲಿ ಧಾಮ ಮಾಡಿದ್ದಾರೆ. ಸೀತಾಫಲ, ಎಲಚಿ ಎರಡೂ ಅದಕ್ಕೆ ಪ್ರಿಯ. ಬೆಳಗ್ಗೆ ಒಂಬತ್ತು ಗಂಟೆಯ ಮೇಲೆ ಹತ್ತಿ, ನಾಲ್ಕರೊಳಗೆ ಇಳಿಯಿರಿ, ಮಾತನಾಡುತ್ತಾ ನಡೆಯಿರಿ. ಗವಿ, ಬಂಡೆಸಂದಿ ಇರುವ ಕಡೆಗೆ ಮಕ್ಕಳನ್ನು ಬಿಡಬೇಡಿ.

ಸೊಪ್ಪಿನಬೆಟ್ಟ · ಸೆಪ್ಟೆಂಬರ್ 19

ಸೀತಾಫಲವನ್ನು ಕಾಡುಹಣ್ಣು ಎಂದು ಕರೆಯುವುದನ್ನು ಕೇಳಿದರೆ ನಮ್ಮ ಶಿರಸಿ ಕಡೆಯವರಿಗೆ ನಗು ಬರುತ್ತದೆ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನ ಕಾಲದಲ್ಲಿ ಬಂದದ್ದು. ಕಾಡುಹಣ್ಣು ಬೇಕಾದರೆ ಘಟ್ಟಕ್ಕೆ ಬನ್ನಿ. ಮಳೆ ಬಿಟ್ಟ ಮೇಲೆ ಪರಿಗೆ ಹಣ್ಣು. ಮೆಣಸಿನ ಕಾಳಿಗಿಂತ ತುಸು ದೊಡ್ಡದು, ಹೊಳೆಯುವ ಕಪ್ಪು, ಹುಳಿಸಿಹಿ. ಮುಳ್ಳು ಮಾತ್ರ ಹಿಂದಕ್ಕೆ ಬಾಗಿದ ಕೊಕ್ಕೆ. ಕೈ ಒಳಗೆ ಹೋಗುವಾಗ ಸುಮ್ಮನಿದ್ದು, ಹೊರಗೆ ಎಳೆಯುವಾಗ ಹಿಡಿಯುತ್ತದೆ. ಅಂಗಿಯ ತೋಳು ಹರಿಯದೆ ಪರಿಗೆ ತಿಂದವರನ್ನು ನಾನು ಕಂಡಿಲ್ಲ.

ಗೋಮಾಳ · ಸೆಪ್ಟೆಂಬರ್ 19

ಪೋರ್ಚುಗೀಸರು ತಂದರೂ ನೀರು ಹಾಕಿದವರು ಯಾರೂ ಇಲ್ಲ ಸ್ವಾಮಿ. ನಮ್ಮ ಗುಡ್ಡದಲ್ಲಿ ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಸೀತಾಫಲದ ಎಲೆಯನ್ನು ಆಡೂ ಮುಟ್ಟುವುದಿಲ್ಲ. ಮಿಕ್ಕ ಗಿಡಗಳನ್ನೆಲ್ಲ ಮೇಕೆ ಬೋಳಿಸಿದ ಗುಡ್ಡದಲ್ಲಿ ಅದೊಂದೇ ಹಸಿರಾಗಿ ಉಳಿದಿರುವುದು ಅದಕ್ಕೇ. ನೀವು ಘಟ್ಟದವರು, ಮೆಣಸಿನಕಾಯಿಯೂ ಗೇರುಬೀಜವೂ ಅದೇ ಹಡಗಿನ ಬಳುವಳಿ ಎಂದು ಮರೆತು ಮಾತನಾಡುತ್ತೀರಿ.

ನಿವೃತ್ತ ಮೇಷ್ಟ್ರು · ಸೆಪ್ಟೆಂಬರ್ 19

ಹಡಗಿನ ಜಗಳ ಆಮೇಲೆ ಆಗಲಿ. ಹಿರಿಯೂರಿನವರ ಮೊದಲ ಬರಹದಲ್ಲಿ ಒಂದು ಸಾಲು ನನಗೆ ಹೆದರಿಕೆ ಹುಟ್ಟಿಸಿದೆ, ಯಾರೂ ಗಮನಿಸಿದಂತಿಲ್ಲ. “ಸಣ್ಣ ಸೀಬೆಕಾಯಿಯಂತೆ, ತುದಿಯಲ್ಲಿ ಜುಟ್ಟು” ಎಂದಿದ್ದೀರಿ. ಅದು ತಿನ್ನುವ ಕಾರೆಯಲ್ಲ.

ನಮ್ಮಲ್ಲಿ ಎರಡು ಗಿಡಗಳಿಗೆ ಕಾರೆ ಎಂಬ ಹೆಸರು ಓಡಾಡುತ್ತದೆ. ಎರಡೂ ಮುಳ್ಳಿನವು, ಎರಡರ ಕಾಯಿಯೂ ಮಾಗಿದಾಗ ಹಳದಿ, ಎರಡೂ ಒಂದೇ ಗುಡ್ಡದಲ್ಲಿ ಅಕ್ಕಪಕ್ಕ ಬೆಳೆಯುತ್ತವೆ, ಕಾಫಿ ಗಿಡದ ಕುಟುಂಬಕ್ಕೇ ಸೇರಿದವು. ತಿನ್ನುವ ಕಾರೆಯ ಹಣ್ಣು ಕಡಲೆಕಾಳಿಗಿಂತ ತುಸು ದೊಡ್ಡದು ಅಷ್ಟೇ, ಒಂದು ಸೆಂಟಿಮೀಟರಿನ ಆಸುಪಾಸು. ಸ್ವಲ್ಪ ಚಪ್ಪಟೆ, ತಿರುಗಿಸಿ ನೋಡಿದರೆ ಹೃದಯದ ಆಕಾರ, ಒಳಗೆ ಸಾಮಾನ್ಯವಾಗಿ ಎರಡು ಬೀಜ. ಇನ್ನೊಂದು ಮಂಗಾರೆ. ಕೆಲವು ಕಡೆ ಬನಗಾರೆ ಎನ್ನುತ್ತಾರೆ. ಅದು ನಿಂಬೆಹಣ್ಣಿನಷ್ಟು ಗುಂಡಗೆ, ತಲೆಯ ಮೇಲೆ ಹೂವಿನ ಬುಡದ ಹಸಿರು ಎಸಳುಗಳು ಒಣಗಿ ಉಳಿದ ಜುಟ್ಟು, ಒಳಗೆ ತಿರುಳಿನಲ್ಲಿ ಹೂತ ಹತ್ತಾರು ಬೀಜ. ಆಯುರ್ವೇದದಲ್ಲಿ ಮದನಫಲವೆಂದು ಕರೆದು ವಾಂತಿ ಮಾಡಿಸಲು ಕೊಡುತ್ತಿದ್ದುದು ಇದನ್ನೇ. ಇದರ ಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ತೇಲಿಸುತ್ತಿದ್ದರು. ಆರು ವರ್ಷದ ಮಗುವಿನ ಬಾಯಿಗೆ ಹೋಗುವ ಪದಾರ್ಥವಲ್ಲ.

ಹಿರಿಯೂರು ಹೈದ · ಸೆಪ್ಟೆಂಬರ್ 19

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವವಿದೆ. ಆದರೆ ನಾನು ತಿಂದಿದ್ದೇನೆ. ಜೇಬು ತುಂಬ ತುಂಬಿಕೊಂಡು ಬಂದದ್ದು, ಅಂಗಿಗೆ ಕಲೆಯಾಗಿ ಅಜ್ಜಿಯ ಕೈಯಲ್ಲಿ ಬೈಸಿಕೊಂಡದ್ದು ಎಲ್ಲ ನೆನಪಿದೆ. ವಾಂತಿಯ ನೆನಪಿಲ್ಲ. ನಮ್ಮ ಕಡೆಯ ಕಾರೆ ಬೇರೆ ಇರಬಹುದಲ್ಲವೇ?

ನಿವೃತ್ತ ಮೇಷ್ಟ್ರು · ಸೆಪ್ಟೆಂಬರ್ 19

ತಿಂದಿದ್ದೀರಿ, ಅನುಮಾನವಿಲ್ಲ. ನೋಡಿದ್ದೂ ನಿಜ. ತಿಂದದ್ದು ಒಂದು, ನೆನಪಿನಲ್ಲಿ ಚಿತ್ರವಾಗಿ ಉಳಿದದ್ದು ಪಕ್ಕದ ಗಿಡದ್ದು ಎಂದು ನನ್ನ ಊಹೆ. ನಿಂಬೆಹಣ್ಣಿನ ಗಾತ್ರದ್ದನ್ನು ಚಡ್ಡಿಯ ಜೇಬಿನಲ್ಲಿ ಎಷ್ಟು ತುಂಬಿಸುತ್ತಿದ್ದಿರಿ, ನೀವೇ ಲೆಕ್ಕ ಹಾಕಿ. ಮೇಕೆ ಕಾಯುವವರು ಊರಿನಲ್ಲಿ ಒಬ್ಬರಾದರೂ ಉಳಿದಿರುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಚಿತ್ರ ತೆಗೆದು ನನಗೆ ಕಳಿಸಿ ನಾನು ಹೂಂ ಎನ್ನುವವರೆಗೆ ಕಾಯುವುದಕ್ಕಿಂತ ಅದು ಮೇಲು. ಚಿತ್ರದಲ್ಲಿ ಗಾತ್ರ ತಿಳಿಯುವುದಿಲ್ಲ.

ಎಳ್ಳಮಾವಾಸ್ಯೆ · ಸೆಪ್ಟೆಂಬರ್ 20

ಕಲಬುರಗಿಯಿಂದ ಒಂದು ಮಾತು. ನೀವು ಎಲಚಿ ಎನ್ನುವುದು ನಮಗೆ ಬಾರೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆಯ ಕಡುಬು, ಭಜ್ಜಿ ಉಂಡು ದೊಡ್ಡವರು ನೆರಳಿಗೆ ಒರಗಿದರೆ ಮಕ್ಕಳೆಲ್ಲ ಬಾರೆ ಗಿಡದ ಬುಡದಲ್ಲಿ. ಪೇಟೆಯಲ್ಲಿ ಈಗ ಸೇಬಿನಷ್ಟು ದಪ್ಪದ ಬಾರೆ ಮಾರುತ್ತಾರೆ. ನೀರು ಕುಡಿದಂತೆ ಇರುತ್ತದೆ, ವಾಸನೆಯೇ ಇಲ್ಲ. ಬದುವಿನ ಬಾರೆ ಒಣಗಿ ಸುಕ್ಕಾಗಿ ಕೆಂಪಾದಾಗ ತಿನ್ನಬೇಕು.

ಹಣ್ಣನ್ನು ಕಚ್ಚಿ ತಿನ್ನಲು ಮಕ್ಕಳಿಗೆ ಕಲಿಸಿ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು ಬೇಡ. ಬಾರೆಯಲ್ಲಿ ಹುಳ ಸಾಮಾನ್ಯ, ಕಾಯಿ ಎಳೆಯದಿದ್ದಾಗಲೇ ನೊಣ ಅದರಲ್ಲಿ ಮೊಟ್ಟೆಯಿಟ್ಟಿರುತ್ತದೆ. ಹೊರಗಿನಿಂದ ಒಂದು ಚುಕ್ಕಿ ಬಿಟ್ಟರೆ ಏನೂ ಕಾಣುವುದಿಲ್ಲ. ಹುಳಿ ಜಾಸ್ತಿಯಿದ್ದರೆ ಬೀಜ ಸಮೇತ ಕುಟ್ಟಿ, ಬೆಲ್ಲ, ಉಪ್ಪು, ಹಸಿಮೆಣಸಿನಕಾಯಿ ಸೇರಿಸಿ, ವಡೆಯಂತೆ ತಟ್ಟಿ ಬಿಸಿಲಿಗೆ ಒಣಗಿಸುತ್ತಾರೆ. ವರ್ಷಪೂರ್ತಿ ಇರುತ್ತದೆ ಎನ್ನುವುದು ಸುಳ್ಳು. ಡಬ್ಬ ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಾಗುವವರೆಗೆ ಇರುತ್ತದೆ.

ಬಿಳಿ ಸೀರೆ · ಸೆಪ್ಟೆಂಬರ್ 20

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹತ್ತೊಂಬತ್ತು ವರ್ಷ ದಾದಿಯಾಗಿದ್ದವಳು. ಮೇಷ್ಟ್ರು ಹೇಳಿದ್ದಕ್ಕೆ ನನ್ನ ಕಡೆಯಿಂದ ಇನ್ನಷ್ಟು ಸೇರಿಸುತ್ತೇನೆ. ಕಾಡುಹಣ್ಣಿನ ದೆಸೆಯಿಂದ ನಮ್ಮಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ತಿಂದಿರುತ್ತಿದ್ದುದು ಹಣ್ಣಲ್ಲ, ಬೀಜ. ಅದರಲ್ಲೂ ಕಾಡುಹರಳು. ಬೇಲಿಗೆ ನೆಡುತ್ತಾರಲ್ಲ, ಮುರಿದರೆ ನೊರೆಹಾಲು ಬರುವ ಗಿಡ, ಅದೇ. ಒಡೆದರೆ ಒಳಗೆ ಬೆಳ್ಳಗೆ, ಶೇಂಗಾದ ರುಚಿ. ರುಚಿ ಕಹಿಯಾಗಿದ್ದರೆ ಮಕ್ಕಳು ಉಗುಳುತ್ತಿದ್ದರು. ಚೆನ್ನಾಗಿರುವುದರಿಂದ ಒಬ್ಬ ತಿಂದು ನಾಲ್ವರಿಗೆ ಹಂಚುತ್ತಾನೆ. ಒಂದೆರಡು ತಾಸಿನಲ್ಲಿ ವಾಂತಿಭೇದಿ ಶುರು. ಒಂದೇ ಜೀಪಿನಲ್ಲಿ ಏಳೆಂಟು ಮಕ್ಕಳನ್ನು ತಂದು ಇಳಿಸಿದ ದಿನಗಳಿವೆ.

ಗುಲಗಂಜಿ ಮಣಿಯಷ್ಟು ಚೆಂದ. ಗಟ್ಟಿ ಸಿಪ್ಪೆಯ ಸಮೇತ ನುಂಗಿದರೆ ಕೆಲವೊಮ್ಮೆ ಹಾಗೆಯೇ ಹೊರಗೆ ಹೋಗುತ್ತದೆ, ಅಗಿದರೆ ಪ್ರಾಣಕ್ಕೇ ಅಪಾಯ. ಇನ್ನು ಸೀತಾಫಲದ ಬೀಜ: ನುಂಗಿದರೆ ಗಾಬರಿ ಬೇಡ, ಆದರೆ ಹೇನಿಗೆಂದು ಪುಡಿ ಮಾಡಿ ತಲೆಗೆ ಹಚ್ಚುತ್ತಾರಲ್ಲ, ಅದು ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಪೊರೆಯೇ ಕಿತ್ತುಹೋದಂತೆ ಹುಣ್ಣಾಗುತ್ತದೆ. ಅಜ್ಜಿಯರ ಮನೆಮದ್ದು ಎಂದು ಸಮರ್ಥಿಸಲು ಯಾರೂ ಬರಬೇಡಿ, ನಾನು ಆ ಕಣ್ಣುಗಳನ್ನು ತೊಳೆದವಳು.

ಸೊಪ್ಪಿನಬೆಟ್ಟ · ಸೆಪ್ಟೆಂಬರ್ 20

ಇಷ್ಟು ಹೆದರಿಸಿದರೆ ಮಕ್ಕಳು ಅಂಗಳಕ್ಕೂ ಇಳಿಯುವುದಿಲ್ಲ. ನಮ್ಮಲ್ಲಿ ಸರಳ ಲೆಕ್ಕವಿದೆ: ಹಕ್ಕಿ, ಮಂಗ ತಿಂದದ್ದನ್ನು ಮನುಷ್ಯ ತಿನ್ನಬಹುದು.

ನಿವೃತ್ತ ಮೇಷ್ಟ್ರು · ಸೆಪ್ಟೆಂಬರ್ 20

ನಿಮ್ಮ ಬೆಟ್ಟದಲ್ಲೇ ಕಾಸರಕದ ಮರವಿರುತ್ತದೆ. ಕಿತ್ತಳೆಯ ಬಣ್ಣದ, ಕಿತ್ತಳೆಯಷ್ಟೇ ಗುಂಡನೆಯ ಹಣ್ಣು. ಮಂಗಟ್ಟೆ ಹಕ್ಕಿ ಅದನ್ನು ನೆಮ್ಮದಿಯಾಗಿ ತಿನ್ನುತ್ತದೆ. ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಮಾರಕ ವಿಷ. ನಿಮ್ಮ ಲೆಕ್ಕವನ್ನು ದಯವಿಟ್ಟು ಮಕ್ಕಳಿಗೆ ಕಲಿಸಬೇಡಿ.

ಸೊಪ್ಪಿನಬೆಟ್ಟ · ಸೆಪ್ಟೆಂಬರ್ 21

ಒಪ್ಪಿದೆ, ಕಾಸರಕ ಮರೆತಿದ್ದೆ. ನನ್ನ ಮಾತು ಹಿಂದಕ್ಕೆ. ಪರಿಹಾರವಾಗಿ ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ. ನೆಲ್ಲಿ ಬೇಕೆಂದವರು ತುಳಸಿ ಮದುವೆಯವರೆಗೂ ಮರ ಮುಟ್ಟಬೇಡಿ. ಉತ್ಥಾನ ದ್ವಾದಶಿಗೆ ತುಳಸಿಯ ಪಕ್ಕ ನೆಡಲು ಕಾಯಿರುವ ಒಂದು ಗೆಲ್ಲು ಸಾಕು, ಅಷ್ಟು ಹೊತ್ತಿಗೆ ಕಾಯಿ ಇನ್ನೂ ಒಗರು. ಬೆಟ್ಟದ ನೆಲ್ಲಿ ಪಕ್ವವಾಗುವುದು ಚಳಿ ಬಿದ್ದ ಮೇಲೆ, ಹಸಿರು ಹೋಗಿ ತುಸು ಹಳದಿಯ ಪಾರದರ್ಶಕ ಬಣ್ಣ ಬಂದಾಗ. ಆಗ ತಂದು ಬೇಯಿಸಿ, ಬೀಜ ತೆಗೆದು, ಉಪ್ಪು ಹಾಕಿ ಒಣಗಿಸಿದರೆ ನೆಲ್ಲಿಚಟ್ಟು. ಬೇಸಿಗೆಯಲ್ಲಿ ಎರಡು ಚೂರು ನೆನೆಸಿ, ಕಾಯಿತುರಿ, ಜೀರಿಗೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ.

ಪೇಟೆಯ ದಪ್ಪ ನೆಲ್ಲಿಯಲ್ಲಿ ಇದು ಬರುವುದಿಲ್ಲವೇ ಎಂದು ಕೇಳಿದರೆ, ಬರುತ್ತದೆ. ಆದರೆ ತಿಂದ ಮೇಲೆ ನೀರು ಕುಡಿದಾಗ ಗಂಟಲಿನಲ್ಲಿ ಸಿಹಿ ಏಳುತ್ತದಲ್ಲ, ಅದು ಬೆಟ್ಟದ ಕಾಯಿಯಷ್ಟು ಏಳುವುದಿಲ್ಲ.

ಯಳಂದೂರು ದಾರಿ · ಸೆಪ್ಟೆಂಬರ್ 22

ನೆಲ್ಲಿಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಶಾಲೆಯ ಕೆಲಸ ನನ್ನದು. ಇಲ್ಲಿ ನೆಲ್ಲಿ ಮಕ್ಕಳ ಆಟದ ಹಣ್ಣಲ್ಲ, ಸೋಲಿಗರ ಮನೆಗಳಿಗೆ ಚಳಿಗಾಲದ ಸಂಪಾದನೆ. ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಆ ಮೇಲೂ ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಮೂಲಕ ನೆಲ್ಲಿ, ಜೇನು, ಪಾಚಿ ಮಾರುತ್ತಿದ್ದರು. ಎರಡು ಸಾವಿರದ ದಶಕದ ನಡುವೆ ಅದಕ್ಕೆ ತಡೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸೋಲಿಗರ ಸಮುದಾಯದ ಹಕ್ಕು ಮಾನ್ಯವಾದದ್ದು 2011ರಲ್ಲಿ. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು.

ಇಲ್ಲಿನ ಹಿರಿಯರು ಮರವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಬಿದ್ದ ಕಾಯಿ ಕಡವೆ, ಜಿಂಕೆಯ ಪಾಲು, ಬೀಜ ಕಾಡಿನಲ್ಲಿ ಹರಡುವುದು ಅವುಗಳಿಂದಲೇ. ನೆಲ್ಲಿ ಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಹಿಡಿದಿದ್ದರೆ ಕಾಯಿ ಕೀಳುವಾಗ ಆ ಭಾಗವನ್ನು ಕಡಿದು ಹಾಕುತ್ತಾರೆ. ಹಿಂದೆ ಬೇಸಿಗೆಗೆ ಮುಂಚೆಯೇ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದೆವು, ಅದು ನಿಂತ ಮೇಲೆ ಬದನಿಕೆ ಹೆಚ್ಚಿತು ಎಂದು ಅವರ ವಾದ. ಕಾಯಿ ಕಿತ್ತರೆ ಮರ ಸಾಯುತ್ತದೆ ಎಂದು ಪೇಟೆಯಲ್ಲಿ ಕುಳಿತು ಹೇಳುವವರು ಈ ಲೆಕ್ಕವನ್ನು ಒಮ್ಮೆ ಕೇಳಬೇಕು.

ಹೊರಗಿನಿಂದ ಬರುವವರಿಗೆ ಒಂದೇ ವಿನಂತಿ. ಮೀಸಲು ಅರಣ್ಯ, ಅಭಯಾರಣ್ಯದೊಳಗೆ ನುಗ್ಗಿ ಚೀಲ ತುಂಬಬೇಡಿ. ಕಾನೂನಿನಲ್ಲಿ ಕಾಯಿಯೂ ಅರಣ್ಯೋತ್ಪನ್ನವೇ. ಗೋಮಾಳ, ಕೆರೆ ಏರಿ, ಹೊಲದ ಬದು ಸಾಕು. ಬದು ಆದರೆ ಹೊಲದವರನ್ನು ಒಂದು ಮಾತು ಕೇಳಿ.

ಕೆಂಟಿನ ಕನ್ನಡತಿ · ಸೆಪ್ಟೆಂಬರ್ 23

ಇಂಗ್ಲೆಂಡಿನ ಕೆಂಟ್‌ನಲ್ಲಿದ್ದೇನೆ, ಇಲ್ಲಿಯೂ ಇದು ಹೆಕ್ಕುವ ಕಾಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1968ರ ಕಳ್ಳತನ ಕಾಯ್ದೆಯ ಪ್ರಕಾರ ತಾನಾಗಿ ಬೆಳೆದ ಗಿಡದ ಹಣ್ಣನ್ನು ಸ್ವಂತಕ್ಕೆ ಕಿತ್ತರೆ ಅದು ಕಳ್ಳತನವಲ್ಲ, ಮಾರಲು ಕಿತ್ತರೆ ಮಾತ್ರ ಕಳ್ಳತನ. ಬಂದ ಹೊಸದರಲ್ಲಿ ಇದನ್ನು ತಿಳಿದು, ನಮ್ಮೂರಿನ ಮಾವಿನತೋಪಿನ ಕಾವಲುಗಾರನಿಗೆ ಹೇಳಬೇಕು ಅನ್ನಿಸಿತ್ತು. ಮಾವಿನತೋಪು ತಾನಾಗಿ ಬೆಳೆದದ್ದಲ್ಲ ಎಂದು ಗಂಡ ಬುದ್ಧಿ ಹೇಳಿದರು.

ಮೇಷ್ಟ್ರು ಹೇಳಿದ ಕಾರೆ–ಮಂಗಾರೆಯ ಕಥೆ ಇಲ್ಲಿಯೂ ಇದೆ. ಅಕ್ಟೋಬರಿನಲ್ಲಿ ಚೆಸ್ಟ್‌ನಟ್ ಉದುರುತ್ತದೆ. ಸುಟ್ಟರೆ ಥೇಟ್ ನಮ್ಮ ಹಲಸಿನ ಬೀಜ, ಸಿಪ್ಪೆಗೆ ಒಂದು ಗೀರು ಹಾಕದಿದ್ದರೆ ಒಲೆಯಲ್ಲಿ ಪಟಾಕಿಯಂತೆ ಸಿಡಿಯುತ್ತದೆ. ಅದೇ ಹೆಸರಿನ ಬಾಲ ಕಟ್ಟಿಕೊಂಡ ಇನ್ನೊಂದು ಮರ, ಹಾರ್ಸ್ ಚೆಸ್ಟ್‌ನಟ್. ಅದು ವಿಷ. ತಿನ್ನುವುದರ ಹೊರಕವಚದಲ್ಲಿ ಮುಳ್ಳುಹಂದಿಯ ಮರಿಯಂತೆ ಒತ್ತಾದ ಸಣ್ಣ ಮುಳ್ಳು, ಕಾಯಿಯ ತುದಿ ಚೂಪು. ತಿನ್ನಬಾರದ್ದರಲ್ಲಿ ಅಲ್ಲಲ್ಲಿ ಮೊಂಡು ಮುಳ್ಳು, ಕಾಯಿ ಗುಂಡಗೆ ನುಣ್ಣಗೆ. ನೋಡಲು ಎರಡನೆಯದೇ ಹೆಚ್ಚು ಚೆಂದ. ಇಲ್ಲಿನ ಮಕ್ಕಳು ಅದಕ್ಕೆ ದಾರ ಪೋಣಿಸಿ ಒಬ್ಬರದನ್ನು ಒಬ್ಬರು ಒಡೆಯುವ ಆಟ ಆಡುತ್ತಾರೆ.

ಹಿರಿಯೂರು ಹೈದ · ಅಕ್ಟೋಬರ್ 4

ಹೋಗಿ ಬಂದೆವು. ಉದ್ದವಾಗಿಯೇ ಬರೆಯುತ್ತೇನೆ, ಕ್ಷಮಿಸಿ.

ಮೇಷ್ಟ್ರು ಹೇಳಿದಂತೆ ಮೇಕೆ ಕಾಯುವ ಅಜ್ಜನೊಬ್ಬರನ್ನು ಹಿಡಿದೆ. ನಾನು ಬೆನ್ನು ಹತ್ತುತ್ತಿದ್ದ ಹುಡುಗರಲ್ಲಿ ಒಬ್ಬನ ತಂದೆ ಅವರು. ಮಗ ಈಗ ತುಮಕೂರಿನಲ್ಲಿ ಲಾರಿ ಓಡಿಸುತ್ತಾನಂತೆ. ಗುಡ್ಡದ ಬುಡದಲ್ಲೇ ಮಗಳು ಒಂದು ದೊಡ್ಡ ಸೀತಾಫಲ ಕಿತ್ತಳು. ಅಜ್ಜ ಬೈಯಲಿಲ್ಲ. “ಇದು ಇನ್ನೂ ನಿದ್ದೆ ಮಾಡುತ್ತಿದೆಯಮ್ಮ, ಎಬ್ಬಿಸಿಬಿಟ್ಟೆ” ಎಂದರು. ಅಲ್ಲಿಂದ ಮೇಲೆ ಅವಳು ಪ್ರತಿ ಕಾಯಿಯ ಮುಂದೆಯೂ ನಿಂತು ಕಣ್ಣು ಬಿಟ್ಟಿದೆಯೇ ಎಂದು ಬಗ್ಗಿ ನೋಡಿಯೇ ಮುಂದಕ್ಕೆ ಹೋದದ್ದು. ಮೂವತ್ತರ ಹತ್ತಿರ ಕಿತ್ತೆವು. ಅಮ್ಮ ರಾಗಿಯ ಚೀಲದಲ್ಲಿ ಹೂತಿಟ್ಟರು. ಇಪ್ಪತ್ತೊಂದು ಹಣ್ಣಾದವು, ಮಿಕ್ಕವು ಕಲ್ಲು. ಗೋಮಾಳದವರು ಹೇಳಿದ ಕರಡಿ ಸಿಗಲಿಲ್ಲ. ಅದರ ಲದ್ದಿ ಸಿಕ್ಕಿತು, ತುಂಬ ಸೀತಾಫಲದ ಬೀಜ. ಮಗನಿಗೆ ಇಡೀ ಪ್ರವಾಸದಲ್ಲಿ ಅದೇ ಅತ್ಯಂತ ಇಷ್ಟವಾದ ಸಂಗತಿ.

ಈಗ ಕಾರೆ. ಗುಡ್ಡದ ನಡುವಿನ ತಿರುವಿನಲ್ಲಿ ನನ್ನ ನೆನಪಿನ ಗಿಡ ಹಾಗೆಯೇ ನಿಂತಿತ್ತು. ಗುಂಡನೆಯ ಕಾಯಿ, ತಲೆಯಲ್ಲಿ ಜುಟ್ಟು, ಹಳದಿಗೆ ತಿರುಗುತ್ತಿತ್ತು. “ಅಜ್ಜ, ಇದೇ ಅಲ್ಲವೇ ನಾವು ತಿನ್ನುತ್ತಿದ್ದ ಕಾರೆ” ಎಂದು ಕೈ ಚಾಚಿದೆ. ಅವರು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. “ಇದು ಮೀನಿಗೆ” ಎಂದರು. ಹತ್ತು ಹೆಜ್ಜೆ ಆಚೆ, ಮೊಣಕಾಲೆತ್ತರದ ಇನ್ನೊಂದು ಮುಳ್ಳಿನ ಪೊದೆಯನ್ನು ಕೋಲಿನಿಂದ ಸರಿಸಿ ತೋರಿಸಿದರು. ಕಡಲೆಕಾಳಿನಂಥ ಹಣ್ಣು, ಚಪ್ಪಟೆ, ಕೆಲವು ಮಾತ್ರ ಮಾಗಿದ್ದವು. ಬಾಯಿಗೆ ಹಾಕಿಕೊಂಡ ಕೂಡಲೇ ಗೊತ್ತಾಯಿತು. ನಾಲಿಗೆಗೆ ನೆನಪಿತ್ತು, ಕಣ್ಣಿಗೆ ಇರಲಿಲ್ಲ. ಮೀನಿಗೆ ಹಾಕಲು ದೊಡ್ಡ ಹುಡುಗರು ಆ ಇನ್ನೊಂದನ್ನು ಜಜ್ಜುತ್ತಿದ್ದರು, ನಾವು ಚಿಕ್ಕವರು ಕುಳಿತು ನೋಡುತ್ತಿದ್ದೆವು ಎಂಬುದು ಆಮೇಲೆ ಇಳಿಯುವಾಗ ನೆನಪಾಯಿತು.

ಮೇಷ್ಟ್ರೇ, ಜೇಬಿನ ಲೆಕ್ಕ ನಿಮ್ಮದೇ ಸರಿ.

ಒಂದು ಕಷ್ಟ ಉಳಿದಿದೆ. ಮಗಳ ಅಂಗಾಲಿಗೆ ಕಾರೆ ಮುಳ್ಳು ಹೊಕ್ಕು ಒಳಗೇ ಮುರಿದಿದೆ. ಚಪ್ಪಲಿ ಬಿಚ್ಚಿ ಓಡಿದ್ದಳು. ನಾಲ್ಕು ದಿನವಾಯಿತು, ಬೆಂಗಳೂರಿಗೆ ಬಂದರೂ ಕುಂಟುತ್ತಿದ್ದಾಳೆ.

ಗೋಮಾಳ · ಅಕ್ಟೋಬರ್ 4

ಎಕ್ಕದ ಹಾಲು ಎರಡು ಹನಿ ಬಿಡಿ. ರಾತ್ರಿ ಕಳೆಯುವುದರೊಳಗೆ ಮುಳ್ಳು ಮೇಲಕ್ಕೆ ಬರುತ್ತದೆ.

ಬಿಳಿ ಸೀರೆ · ಅಕ್ಟೋಬರ್ 4

ಬಿಡಬೇಡಿ. ಅದೇ ಕೈಯಲ್ಲಿ ಮಗು ಕಣ್ಣುಜ್ಜಿಕೊಂಡರೆ ಮುಳ್ಳಿಗಿಂತ ದೊಡ್ಡ ಗಂಡಾಂತರ. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಗಂಟೆ ಅದ್ದಿಸಿ. ಆಮೇಲೂ ತುದಿ ಕಾಣದಿದ್ದರೆ, ಕೆಂಪಾಗಿ ಬಾತಿದ್ದರೆ, ಪಿನ್ನಿನಿಂದ ಕೆದಕುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ಪುಸ್ತಕ ತೆಗೆದು ನೋಡಿ.

ಹಿರಿಯೂರು ಹೈದ · ಅಕ್ಟೋಬರ್ 6

ಅಕ್ಕ, ಮುಳ್ಳು ಬಂತು. ಎರಡನೆಯ ಸಲ ಬಿಸಿನೀರಿನಲ್ಲಿ ಅದ್ದಿದಾಗ ತುದಿ ಕಾಣಿಸಿತು, ಕ್ಲಿನಿಕ್ಕಿನಲ್ಲಿ ಚಿಮಟದಿಂದ ಎಳೆದರು. ಅರ್ಧ ಅಂಗುಲವಿದೆ. ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡಿದ್ದಾಳೆ. ರಜೆ ಮುಗಿದ ಮೇಲೆ ಶಾಲೆಗೆ ಒಯ್ಯುತ್ತಾಳಂತೆ. ಕರಡಿಯ ಲದ್ದಿಯನ್ನೂ ಒಯ್ಯಬಹುದಿತ್ತು ಎಂದು ತಮ್ಮನ ತಕರಾರು.